ಟ್ಯಾಕ್ಸಿಯಲ್ಲಿ ಪಾಸಾದರೆ ಹಿಟ್!

2019ರ ‘ದಿ ಲಯನ್ ಕಿಂಗ್’ ನೋಡಿದ್ದೀರಲ್ಲ? ಅದರಲ್ಲಿ ನಾಲಾ ಸಿಂಹಿಣಿಗೆ ದನಿ ಕೊಟ್ಟ ಬಿಯಾನ್ಸೆ, ಚಿತ್ರದ ಜೊತೆಜೊತೆಗೇ ‘ದಿ ಗಿಫ್ಟ್’ ಅಂತ ಒಂದು ಆಲ್ಬಮ್ ತಂದಳು. ಅದರ ‘ಮೈ ಪವರ್’ ಹಾಡನ್ನು ಒಮ್ಮೆ ಜೋರಾಗಿ ಹಾಕಿ ಕೇಳಿ. ಅಮೆರಿಕದ ಮಾಮೂಲಿ ತಾಳವಲ್ಲ ಅದು! ಆ ಪೆಟ್ಟಿನ ಹಿಂದಿರುವಾತ ದಕ್ಷಿಣ ಆಫ್ರಿಕಾದ ಡರ್ಬನ್ ಹುಡುಗ ಡಿಜೆ ಲ್ಯಾಗ್. ಮನೆಯವರಿಟ್ಟ ಹೆಸರು ಲ್ವಾಜಿ ಗ್ವಾಲಾ. ಬೆಳೆದದ್ದು ಕ್ಲೆರ್ಮಾಂಟ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ.

ಈ ಸಂಗೀತದ ಹೆಸರು ಗ್ಕೊಮ್. ಜುಲು ಭಾಷೆಯ ಮಾತು. ಸರಿಯಾಗಿ ಹೇಳಬೇಕಾದರೆ ನಾಲಗೆಯನ್ನು ಅಂಗುಳಿಗೆ ಒತ್ತಿ ‘ಟಕ್’ ಅಂತ ಬಿಡಬೇಕು. ಡ್ರಮ್ಮಿನ ಸದ್ದೇ ಹೆಸರಾಗಿದೆ, ಅಷ್ಟೆ. ಡಿಸ್ಕೋದಿಂದ ಹೌಸ್ ಸಂಗೀತದವರೆಗೆ ಒಂದು-ಎರಡು-ಮೂರು-ನಾಲ್ಕು ಅಂತ ಸಮನಾಗಿ ಪೆಟ್ಟು ಬೀಳುತ್ತದೆ, ನೋಡಿ. ಗ್ಕೊಮ್ ಹುಡುಗರು ಅದನ್ನೇ ಮುರಿದು ಹಾಕಿದರು. ಪೆಟ್ಟು ಬೀಳಬೇಕಾದ ಕಡೆ ಬೀಳದೆ, ಪಕ್ಕದಲ್ಲೆಲ್ಲೋ ಬಿದ್ದು ಎದೆ ಧಸಕ್ಕೆನಿಸುತ್ತೆ! ರಾಗ ಕೇಳಬೇಡಿ, ಇಲ್ಲವೇ ಇಲ್ಲ ಅಂದರೂ ನಡೆಯುತ್ತೆ. ಕತ್ತಲ ರಸ್ತೆಯಲ್ಲಿ ಯಾರೋ ಹಿಂದಿನಿಂದ ಬಂದ ಹಾಗೆ.

ಸ್ಟುಡಿಯೋ? ಮನೆಯ ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಎಫ್‌ಎಲ್ ಸ್ಟುಡಿಯೋ ಎಂಬ ಸಾಫ್ಟ್‌ವೇರ್. ರೇಡಿಯೋದವರು, ಕಂಪನಿಯವರು ಮೊದಲು ತಿರುಗಿಯೂ ನೋಡಲಿಲ್ಲ. ಹುಡುಗರು ಹಾಡನ್ನು ವಾಟ್ಸ್ಆ್ಯಪಿನಲ್ಲಿ ಹರಿಬಿಟ್ಟರು, ಟ್ಯಾಕ್ಸಿ ಡ್ರೈವರುಗಳ ಕೈಗಿಟ್ಟರು. ಅಲ್ಲಿನ ಟ್ಯಾಕ್ಸಿ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರ, ಹತ್ತು-ಹದಿನೈದು ಜನ ತುಂಬೋ ವ್ಯಾನು. ಒಳಗೆ ಮೈ ನಡುಗಿಸೋ ಸ್ಪೀಕರ್. ಒಳ್ಳೆ ಹಾಡು ಹಾಕೋ ಗಾಡಿಗೇ ಪಡ್ಡೆಗಳು ಹತ್ತುತ್ತಿದ್ದರು. (ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಓದುತ್ತಿರೋರಿಗೆ ಬಿಡಿಸಿ ಹೇಳಬೇಕೆ?) ಟ್ಯಾಕ್ಸಿಯಲ್ಲಿ ಪಾಸಾದ ಹಾಡು ಹಿಟ್. ಅಲ್ಲಿ ಯಾರೂ ಮಾರ್ಕ್ಸ್‌ಕಾರ್ಡ್ ಕೇಳಲಿಲ್ಲ.

ಹೆಸರು ಬಂದದ್ದೂ ಬೇಗನೇ. 2016ರಲ್ಲಿ ಲಂಡನ್ನಿನ ಗೂನ್ ಕ್ಲಬ್ ಆಲ್‌ಸ್ಟಾರ್ಸ್ ಲ್ಯಾಗ್‌ನ ಹಾಡುಗಳನ್ನು ಹೊರತಂದಿತು. 2018ರ ‘ಬ್ಲ್ಯಾಕ್ ಪ್ಯಾಂಥರ್’ ಆಲ್ಬಮ್‌ನಲ್ಲಿ ಡರ್ಬನ್ನಿನ ಬೇಬ್ಸ್ ವೊಡುಮೊ ಹಾಡಿದಳು.

ಆದರೆ ಹೆಸರಿನ ಹಿಂದೆಯೇ ಕೈಚಳಕದವರೂ ಬರುತ್ತಾರಲ್ಲ! ಲ್ಯಾಗ್‌ನ ‘ಐಸ್ ಡ್ರಾಪ್’ ತಾಳ ಒಂದು ದಿನ ಅಮೆರಿಕದ ‘ಕಲ್ಚರ್’ ಎಂಬ ಹಾಡಿನಲ್ಲಿ ಕೇಳಿಬಂತು. ಆತನನ್ನು ಕೇಳಿರಲೇ ಇಲ್ಲ. ಹಾಡಿನಲ್ಲಿದ್ದಾತ ಸಣ್ಣಪುಟ್ಟವನಲ್ಲ, ಬ್ಲ್ಯಾಕ್ ಐಡ್ ಪೀಸ್ ತಂಡದ ವಿಲ್.ಐ.ಆ್ಯಮ್! ಅಭಿಮಾನಿಗಳು ಗಲಾಟೆ ಎಬ್ಬಿಸಿದರು. 2021ರಲ್ಲಿ ವಿಲ್ ಬಹಿರಂಗವಾಗಿ ಕ್ಷಮೆ ಕೇಳಿದ. ಲ್ಯಾಗ್‌ಗೆ ಆ ಹೊತ್ತಿಗೆ ಬಿಯಾನ್ಸೆ ಹಾಡಿನ ಹೆಸರಿತ್ತು, ಕೂಗಿದ್ದು ಕೇಳಿಸಿತು. ಇನ್ನೂ ಹೆಸರೇ ಇಲ್ಲದ, ಟ್ಯಾಕ್ಸಿಯಿಂದ ಟ್ಯಾಕ್ಸಿಗೆ ಹಾಡು ಹಂಚುತ್ತಿದ್ದ ಹುಡುಗನದಾಗಿದ್ದರೆ? ಯಾರು ಕೇಳೋರು ಸ್ವಾಮಿ?

2022ರಲ್ಲಿ ಲ್ಯಾಗ್ ‘ಮೀಟಿಂಗ್ ವಿತ್ ದಿ ಕಿಂಗ್’ ಎಂಬ ಪೂರ್ತಿ ಆಲ್ಬಮ್ ತಂದ. ಚೆನ್ನಾಗಿದೆ. ಅಷ್ಟರಲ್ಲಿ ಜೋಹಾನ್ಸ್‌ಬರ್ಗ್ ಕಡೆಯ ಅಮಾಪಿಯಾನೊ ಮೆಲ್ಲಗೆ ತೂಗುತ್ತಾ ಬಂದು ಗ್ಕೊಮ್ ಸದ್ದನ್ನು ಹಿಂದೆ ಹಾಕಿತ್ತು. ನನ್ನ ಓಟು ಈಗಲೂ ಗ್ಕೊಮ್‌ಗೇ. ಡರ್ಬನ್ನಿನ ಉಮ್ಲಾಜಿ ಬಡಾವಣೆಯ ಫೆಲಿಮುಂಕಾಸಿ ಎಂಬ ಮೂವರ ತಂಡವನ್ನು ಹುಡುಕಿ ಕೇಳಿ. ಉಗಾಂಡಾದ ನ್ಯೆಗೆ ನ್ಯೆಗೆ ಟೇಪ್ಸ್ 2020ರಲ್ಲಿ ಇವರ ‘2013–2019’ ಆಲ್ಬಮ್ ಹೊರತಂದಿದೆ. ಒಬ್ಬರು ಕೂಗೋದು, ಇನ್ನೊಬ್ಬರು ಉತ್ತರ ಕೊಡೋದು, ಕೆಳಗೆ ಆ ಮುರಿದ ತಾಳ. ಇಯರ್‌ಫೋನಿನಲ್ಲಿ ಬೇಡ, ದೊಡ್ಡ ಸ್ಪೀಕರ್ ಇರೋ ಗೆಳೆಯನನ್ನು ಹಿಡಿಯಿರಿ!