ಅಗ್ಗದ ಬ್ರೇಕ್ ಶೂಗೆ ಹೊಣೆ ಯಾರು?

ಗುಬ್ಬಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿರುವ ಬೈಕ್ ಸ್ಪೇರ್ಸ್ ಅಂಗಡಿಗೆ ಕಾಲೇಜು ಹುಡುಗನೊಬ್ಬ ಬಂದ. ಕೈಯಲ್ಲಿ ಕೊರಿಯರ್ ಕವರ್, ಅದರೊಳಗೆ ಬ್ರೇಕ್ ಶೂ. 'ಅಣ್ಣ, ಇದನ್ನ ಹಾಕ್ಕೊಡಿ, ಕೂಲಿ ಎಷ್ಟು?' ಅಂದ. ಅಂಗಡಿಯವರು ತಿರುಗಿಸಿ ತಿರುಗಿಸಿ ನೋಡಿದರು. ಕಂಪನಿಯ ಹೆಸರಿಲ್ಲ, ಎಲ್ಲಿ ತಯಾರಾಯಿತು ಅಂತಿಲ್ಲ. 'ಹಾಕ್ತೀನಪ್ಪ, ಆದ್ರೆ ನಾಳೆ ಬ್ರೇಕ್ ಹಿಡೀಲಿಲ್ಲ ಅಂತ ನನ್ನ ಹತ್ರ ಬರಬೇಡ' ಅಂದರು. ಹುಡುಗ ನಕ್ಕ. ಪಕ್ಕದಲ್ಲೇ ಟೀ ಕುಡಿಯುತ್ತಿದ್ದ ನಮಗೆ ನಗು ಬರಲಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್‌ನ ಬೈಕ್ ಅಂಗಡಿಗಳಲ್ಲಿ ಈಗ ಎಲ್ಲಿ ಹೋದರೂ ಇದೇ ಮಾತು. ಹುಡುಗರು ಮೊಬೈಲ್ ತೆಗೆದು ರೇಟು ತೋರಿಸುತ್ತಾರೆ, ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಇಂಥ ಸುದ್ದಿ ಬರೆಯುವಾಗ ಪತ್ರಿಕೆಗಳು ಸಾಮಾನ್ಯವಾಗಿ ಕೊನೆಗೊಂದು ಸಾಲು ಸೇರಿಸುತ್ತವೆ: 'ಸ್ಥಳೀಯ ವ್ಯಾಪಾರಿಗಳನ್ನು ಬೆಂಬಲಿಸಿ.' ನಾವು ಆ ಸಾಲು ಬರೆಯುವುದಿಲ್ಲ. ಇನ್ನೂರು ರೂಪಾಯಿ ಉಳಿಸಲು ನೋಡುವ ರೈತನ ಮಗನಿಗೆ ಕನಿಕರದ ಪಾಠ ಹೇಳುವುದು ನಮ್ಮ ಕೆಲಸವಲ್ಲ. ನಾವು ಕೇಳುವ ಪ್ರಶ್ನೆ ಬೇರೆ. ಅಂಗಡಿಯವನಿಗೆ ಒಂದು ಕಾನೂನು, ಆ್ಯಪ್‌ಗೆ ಇನ್ನೊಂದು ಕಾನೂನು ಯಾಕೆ?

ಮೊದಲು ಅಂಗಡಿಗಳ ತಪ್ಪನ್ನೂ ಹೇಳಿಬಿಡೋಣ. ಡೂಪ್ಲಿಕೇಟ್ ಕ್ಲಚ್ ಪ್ಲೇಟನ್ನು ಒರಿಜಿನಲ್ ರೇಟಿಗೆ ಹಾಕಿದವರು ಇದ್ದಾರೆ. ಬಿಲ್ ಕೇಳಿದರೆ ಮುಖ ಗಂಟಿಕ್ಕುವವರು ಇದ್ದಾರೆ. ಹಳ್ಳಿಯಿಂದ ಬಂದವರಿಗೊಂದು ರೇಟು, ಪರಿಚಯದವರಿಗೊಂದು ರೇಟು ಹೇಳುವವರೂ ಇದ್ದಾರೆ. ಜನ ಮೊಬೈಲ್ ಕಡೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. ಇದನ್ನು ಒಪ್ಪಿಕೊಳ್ಳದೆ ಉಳಿದದ್ದನ್ನು ಹೇಳಿದರೆ ಓದುಗರು ನಂಬುವುದಿಲ್ಲ, ನಂಬಲೂಬಾರದು.

ಆದರೆ ಈ ಅಂಗಡಿಗಳು ಬರೀ ಮಾಲು ಮಾರುವುದಿಲ್ಲ. ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಬೆಳಗಾದರೆ ಟಿವಿಎಸ್ ಎಕ್ಸೆಲ್ ಮೇಲೆ ಹಾಲಿನ ಕ್ಯಾನ್, ಸಂಜೆಯಾದರೆ ಅದರ ಮೇಲೇ ಹುಲ್ಲಿನ ಹೊರೆ. ಆ ಗಾಡಿ ಒಂದು ದಿನ ನಿಂತರೆ ಡೇರಿಗೆ ಹಾಲು ಹೋಗುವುದಿಲ್ಲ. ಚೈನ್ ಕಳಚಿದರೆ, ಕ್ಲಚ್ ವೈರ್ ಕಿತ್ತರೆ ಅವತ್ತೇ ರಿಪೇರಿ ಆಗಬೇಕು, ದುಡ್ಡು ಆಮೇಲೆ. 'ಬಟವಾಡೆ ಆದ್ಮೇಲೆ ಕೊಡ್ತೀನಣ್ಣ' ಅಂದರೆ ಅಂಗಡಿಯವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಗುಬ್ಬಿ ಕಡೆ ಅಡಿಕೆ, ಕೊಬ್ಬರಿ ಮಾರಿದ ಮೇಲೆ ಲೆಕ್ಕ ಚುಕ್ತಾ. ಬಡ್ಡಿಯಿಲ್ಲದ ಈ ಸಾಲ ಯಾವ ಬ್ಯಾಂಕಿನ ಲೆಕ್ಕಕ್ಕೂ ಸಿಗುವುದಿಲ್ಲ. ಅಂಗಡಿ ಬಾಗಿಲು ಹಾಕಿದರೆ ಆ ನೋಟ್‌ಬುಕ್ಕೂ ಮುಚ್ಚುತ್ತದೆ. ಆನ್‌ಲೈನ್‌ನಲ್ಲೂ 'ಆಮೇಲೆ ಕೊಡಿ' ಎನ್ನುವ ಸಾಲ ಸಿಗುತ್ತದೆ. ಆದರೆ ಕಂತು ತಪ್ಪಿದರೆ ದಂಡ ಬೀಳುತ್ತದೆ, ಡೇರಿ ಬಟವಾಡೆ ತಡವಾಯಿತು ಅಂದರೆ ಅದು ಕೇಳುವುದಿಲ್ಲ.

ಈಗ ತೆರಿಗೆಯ ಲೆಕ್ಕ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಗ್ರಾಹಕರಿಗೆ ಒಳ್ಳೆಯದೇ ಆಯಿತು. ಆದರೆ ಕಾಂಪೋಸಿಶನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಯವರಿಗೆ, ನೋಂದಣಿಯೇ ಇಲ್ಲದವರಿಗೆ, ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ. ಸಾವಿರ ರೂಪಾಯಿ ಮಾಲಿಗೆ 280 ರೂಪಾಯಿ ತೆರಿಗೆ ಕಟ್ಟಿ ತಂದು ಕಪಾಟಿನಲ್ಲಿ ಇಟ್ಟವರು ರಾತ್ರಿ ಬೆಳಗಾಗುವುದರೊಳಗೆ 180 ರೂಪಾಯಿ ತೆರಿಗೆಯ ಮಾಲಿನ ಜತೆ ಪೈಪೋಟಿಗೆ ನಿಲ್ಲಬೇಕಾಯಿತು. ನಡುವಿನ ನೂರು ರೂಪಾಯಿ ಅವರ ಕೈಯಿಂದಲೇ ಹೋಯಿತು. ದೊಡ್ಡ ಮಾರಾಟಗಾರರಿಗೆ ಈ ತೊಂದರೆ ಇಲ್ಲ. ಅವರು ಹಳೆಯ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಂಡರು. ವರ್ಷಕ್ಕೊಮ್ಮೆ ಯಾರೋ ಒಬ್ಬರು ಕೇಳುವ ಹಳೇ ಬೈಕಿನ ಪಾರ್ಟನ್ನು ಜೋಪಾನವಾಗಿ ಇಟ್ಟುಕೊಂಡವರಿಗೇ ಹೆಚ್ಚು ಪೆಟ್ಟು ಬಿತ್ತು.

ಬೆಲೆಯ ವಿಷಯಕ್ಕೂ ಒಂದು ಇತಿಹಾಸವಿದೆ. ವಿದೇಶಿ ಬಂಡವಾಳದ ಆನ್‌ಲೈನ್ ವೇದಿಕೆಗಳು ಬರೀ ಮಾರುಕಟ್ಟೆಯಂತೆ ಇರಬೇಕು, ತಾವೇ ಮಾಲು ಇಟ್ಟು ಮಾರಬಾರದು, ಬೆಲೆಯ ಮೇಲೆ ಪ್ರಭಾವ ಬೀರಬಾರದು ಎಂದು ಕೇಂದ್ರದ ನಿಯಮ ಹೇಳುತ್ತದೆ. 2019ರ ಫೆಬ್ರವರಿ 1ರಿಂದ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಮೊಬೈಲ್ ಮಾರಾಟದಲ್ಲಿ ಆಯ್ದ ಮಾರಾಟಗಾರರಿಗೆ ಅನುಕೂಲ, ಭಾರಿ ರಿಯಾಯಿತಿ ಎಂಬ ದೂರಿನ ಮೇಲೆ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆ ಮಾಡಿ ಎಂದು ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಆದೇಶಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್‌ನಲ್ಲಿ ತಡೆ ಸಿಕ್ಕಿತು. ಕಂಪನಿಗಳ ಅರ್ಜಿ ವಜಾ ಆದದ್ದು 2021ರ ಜೂನ್‌ನಲ್ಲಿ, ಮೇಲ್ಮನವಿ ವಜಾ ಆದದ್ದು ಜುಲೈನಲ್ಲಿ. ತನಿಖೆ ಶುರುವಾಗುವುದಕ್ಕೇ ಒಂದೂವರೆ ವರ್ಷ. ದೊಡ್ಡವರಿಗೆ ಕಾಯುವ ಶಕ್ತಿ ಇರುತ್ತದೆ. ತಿಂಗಳ ಬಾಡಿಗೆ ಕಟ್ಟುವ ಕುಣಿಗಲ್‌ನ ಅಂಗಡಿಗೆ ಅಷ್ಟು ದಿನ ಇರುತ್ತದೆಯೇ?

ಇನ್ನು ಹೊರದೇಶದ ಮಾಲು. ಎಲ್‌ಇಡಿ ಲೈಟು, ಕನ್ನಡಿ, ಲಿವರ್, ಹ್ಯಾಂಡಲ್ ಗ್ರಿಪ್‌ಗಳು ಹೊರಗಿನಿಂದ ಬರಲಿ, ನಮ್ಮ ತಕರಾರಿಲ್ಲ. ಅಂಗಡಿಗಳಲ್ಲೂ ಅಂಥ ಮಾಲು ಬೇಕಾದಷ್ಟಿದೆ. ನಮ್ಮ ತಕರಾರು ಹೆಸರಿಲ್ಲದ ಮಾಲಿನ ಮೇಲೆ. ಆಮದಾದ ಪ್ಯಾಕೆಟ್ ಮೇಲೆ ತಯಾರಾದ ದೇಶ, ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ವಿವರ, ತಯಾರಾದ ದೇಶ ಪರದೆಯ ಮೇಲೂ ಕಾಣಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳಲ್ಲಿ ಪರಿಹರಿಸಬೇಕು. ಕಾನೂನು ಇದೆ. ಆದರೂ ಗುಬ್ಬಿಯ ಆ ಕವರ್‌ನಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಹೆಲ್ಮೆಟ್ ವಿಷಯ ಇನ್ನೂ ಗಂಭೀರ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು ಎರಡೂ ನಿಷಿದ್ಧ. ನಮ್ಮ ಗುಂಪಿನ ಒಬ್ಬರು ಆನ್‌ಲೈನ್‌ನಲ್ಲಿ ತರಿಸಿದ ಹೆಲ್ಮೆಟ್‌ನ ಸ್ಟಿಕ್ಕರ್ ಉಗುರಿನಲ್ಲಿ ಕೆರೆದರೆ ಕಿತ್ತು ಬಂತು, ಅದರ ಮೇಲೆ ಲೈಸೆನ್ಸ್ ನಂಬರ್ ಇರಲಿಲ್ಲ. ಅಂಥದ್ದೇ ಹೆಲ್ಮೆಟ್ ರಸ್ತೆ ಬದಿಯಲ್ಲೂ ಸಿಗುತ್ತದೆ ನಿಜ. ರಸ್ತೆ ಬದಿಯವರ ಮೇಲೆ ದಾಳಿ ಮಾಡಿ ಫೋಟೊ ತೆಗೆಸಿಕೊಳ್ಳುವುದು ಸುಲಭ, ಗೋದಾಮಿನ ಬಾಗಿಲು ತಟ್ಟುವುದು ಕಷ್ಟ.

'ಕಾಲ ಬದಲಾಗಿದೆ, ಅಂಗಡಿಗಳೂ ಬದಲಾಗಲಿ' ಎನ್ನುವವರಿಗೆ ಒಂದು ಮಾತು. ತೆರಿಗೆ ಇಳಿದ ಅದೇ ಸೆಪ್ಟೆಂಬರ್ 22ರಂದು ರಾಯಲ್ ಎನ್‌ಫೀಲ್ಡ್ ತನ್ನ 350 ಸಿಸಿ ಬೈಕ್‌ಗಳನ್ನು ಫ್ಲಿಪ್‌ಕಾರ್ಟ್‌ನಲ್ಲಿ ಮಾರಾಟಕ್ಕೆ ಇಟ್ಟಿತು. ಮೊದಲ ಪಟ್ಟಿಯ ನಗರಗಳಲ್ಲಿ ಬೆಂಗಳೂರೂ ಇತ್ತು. ಆದರೆ ಬೈಕ್ ಕೈಗೆ ಕೊಡುವುದು, ಸರ್ವಿಸ್ ನೋಡಿಕೊಳ್ಳುವುದು ಡೀಲರ್‌ಗಳ ಕೆಲಸವಾಗಿಯೇ ಉಳಿಯಿತು. ಅಂದರೆ ಮಾರಾಟ ಮೊಬೈಲ್‌ನಲ್ಲಿ ನಡೆದರೂ ಹೊಣೆ ಹೊರಲು ಊರಲ್ಲಿ ಒಬ್ಬರು ಬೇಕು ಅಂತ ಕಂಪನಿಗೂ ಗೊತ್ತಿದೆ. ಬೈಕಿಗೆ ಇರುವ ಈ ವ್ಯವಸ್ಥೆ ಅದರ ಬ್ರೇಕ್ ಶೂಗೆ ಯಾಕಿಲ್ಲ?

ತುಮಕೂರಿನವರಿಗೆ ಇಂಥದ್ದು ಹೊಸದಲ್ಲ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಿದ್ದನ್ನು ಈ ಊರು ಕಣ್ಣಾರೆ ಕಂಡಿದೆ. ವಾಚು ರಿಪೇರಿ ಅಂಗಡಿಗಳೂ ಒಂದೊಂದಾಗಿ ಕಾಣೆಯಾದವು. ಆದರೆ ವಾಚು ನಿಂತರೆ ಬಸ್ಸು ತಪ್ಪುತ್ತದೆ, ಬ್ರೇಕ್ ನಿಂತರೆ ಏನಾಗುತ್ತದೆ ಅಂತ ಹೆದ್ದಾರಿ ಬದಿಯ ಊರಿನವರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅಂಗಡಿ ತಪಾಸಣೆ ಮಾಡಿದಷ್ಟೇ ಶ್ರದ್ಧೆಯಿಂದ ಕೊರಿಯರ್‌ನಲ್ಲಿ ಬರುವ ಮಾಲನ್ನೂ ತಪಾಸಣೆ ಮಾಡಲಿ. ತೆರಿಗೆ ದರ ಬದಲಾದಾಗ ಹಳೆಯ ದಾಸ್ತಾನಿನ ನಷ್ಟಕ್ಕೆ ಸಣ್ಣ ಅಂಗಡಿಯವರಿಗೂ ಒಂದು ದಾರಿ ಮಾಡಿಕೊಡಲಿ. ಮೆಕ್ಯಾನಿಕ್‌ಗಳು, ಅಂಗಡಿಯವರು ಕೂಲಿಯ ದರಪಟ್ಟಿ ಗೋಡೆಗೆ ಹಾಕಲಿ, ಕೇಳದಿದ್ದರೂ ಬಿಲ್ ಕೊಡಲಿ, ಡೂಪ್ಲಿಕೇಟ್ ಇದ್ದರೆ ಡೂಪ್ಲಿಕೇಟ್ ಅಂತಲೇ ಹೇಳಿ ಮಾರಲಿ. ನಾಲ್ಕು ಅಂಗಡಿಯವರು ಸೇರಿ ಒಟ್ಟಿಗೆ ಮಾಲು ತರಿಸಿದರೆ ರೇಟೂ ಇಳಿಯುತ್ತದೆ. 2023ರ ಅಕ್ಟೋಬರ್‌ನಿಂದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ರಾಜ್ಯದೊಳಗೆ ಆನ್‌ಲೈನ್‌ನಲ್ಲಿ ಮಾರಬಹುದು. ಪೋರ್ಟಲ್‌ನಲ್ಲಿ ಹೆಸರು ಸೇರಿಸಿಕೊಂಡರೆ ಸಾಕು. ಆ ಬಾಗಿಲನ್ನೂ ತಟ್ಟಿ ನೋಡಲಿ.

ಓದುಗರಿಗೆ ಹೇಳುವುದೂ ಇದೆ. ಆನ್‌ಲೈನ್‌ನಲ್ಲಿ ಬೇಕಾದ್ದು ತರಿಸಿ, ಅದು ನಿಮ್ಮ ದುಡ್ಡು. ಆದರೆ ಬ್ರೇಕು, ಟೈರು, ಹೆಲ್ಮೆಟ್ ಆದರೆ ತಯಾರಕರ ಹೆಸರು, ಬಿಲ್ಲು, ಐಎಸ್‌ಐ ಲೈಸೆನ್ಸ್ ನಂಬರ್ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಮೋಸ ಹೋದರೆ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಅಂಗಡಿಯವರು ಮೋಸ ಮಾಡಿದರೂ ಅಷ್ಟೇ, ಬಿಡಬೇಡಿ.

ಆ ಹುಡುಗನ ಬೈಕಿಗೆ ಗುಬ್ಬಿಯ ಅಂಗಡಿಯವರು ಕೊನೆಗೂ ಆ ಬ್ರೇಕ್ ಶೂ ಹಾಕಿಕೊಟ್ಟರು. ಹಾಕಿದ ಮೇಲೆ ತಾವೇ ಹತ್ತಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, 'ಒಂದು ವಾರ ಬಿಟ್ಟು ಬಾ, ಸವೆದಿದೆಯಾ ನೋಡೋಣ' ಅಂದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.