ನೀತಿ ಹೇಳುವ ಮುನ್ನ

ನಾಲ್ಕು ವರ್ಷದ ಮೊಮ್ಮಗಳಿಗೆ ಪುಣ್ಯಕೋಟಿಯ ಚಿತ್ರಪುಸ್ತಕ ಓದಿ ಹೇಳುತ್ತಿದ್ದೆ. ಹುಲಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹಸು ಕರುವನ್ನು ಬಿಟ್ಟು ಹೊರಡುವ ಪುಟ ಬಂತು. "ಇದರಿಂದ ನಾವು ಕಲಿಯುವ ನೀತಿ ಏನೆಂದರೆ..." ಎಂದು ಶುರುಮಾಡಿದೆ. ಅವಳು ಹಸುವಿನ ಚಿತ್ರದ ಮೇಲೆ ಬೆರಳಿಟ್ಟು, "ತಾತ, ನೀನೂ ಭಾನುವಾರ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಹೋಗ್ಲೇ ಇಲ್ಲ" ಎಂದಳು.

ಬ್ಯಾಂಕಿನ ಲೆಡ್ಜರಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೂ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದವನು ನಾನು. ಮನೆಯ ಈ ಬಾಕಿ ಕಣ್ಣಿಗೇ ಬಿದ್ದಿರಲಿಲ್ಲ! ಕಥೆ ಮುಗಿಸಿ, ಚಪ್ಪಲಿ ಮೆಟ್ಟಿ, ಅವಳ ಕೈ ಹಿಡಿದು ಹೊರಟೆ.

ಅಜ್ಜ-ಅಜ್ಜಿಯರೇ, ನೀತಿ ಹೇಳುವ ಅವಸರ ಬೇಡ. ಚಿತ್ರದ ಮುಂದೆ ಕೊಂಚ ಸುಮ್ಮನಿರಿ. "ಈ ಕರುವಿಗೆ ಈಗ ಏನನ್ನಿಸುತ್ತಿದೆ?" ಎಂದಷ್ಟೇ ಕೇಳಿ. ಉಳಿದದ್ದನ್ನು ಮಗುವೇ ಹೇಳುತ್ತದೆ. ಆ ಪಾಠ ನಮಗೇ ಆದರೂ ಆಗಬಹುದು.