ಮನೆಯವರಿಲ್ಲದ ಮನೆಗೆ ಅತಿಥಿಗಳು

ಬೆಂಗಳೂರಿನ ಬಸವನಗುಡಿಯ ಅಡ್ಡರಸ್ತೆಗಳಲ್ಲಿ, ಮಲ್ಲೇಶ್ವರದ ಕ್ರಾಸುಗಳಲ್ಲಿ ಈಗ ಹೊಸ ಬಗೆಯ ಬೀಗ ಕಾಣಿಸತೊಡಗಿದೆ. ಕೀಲಿಕೈ ಬೇಡ, ನಂಬರ್ ಒತ್ತಿದರೆ ಬಾಗಿಲು ತೆಗೆದುಕೊಳ್ಳುತ್ತದೆ. ಒಳಗಿರುವವರು ಮೊನ್ನೆ ಬಂದವರು, ನಾಳಿದ್ದು ಹೋಗುವವರು. ಮನೆಯ ಒಡೆಯರು ಅಮೆರಿಕದಲ್ಲೋ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲೋ ಇದ್ದಾರೆ. ಬುಕಿಂಗ್ ಆ್ಯಪ್‌ನಲ್ಲಿ, ಕಸ ಗುಡಿಸಲು ಏಜೆನ್ಸಿಯ ಹುಡುಗರು. ರಾತ್ರಿ ಹನ್ನೊಂದಾದ ಮೇಲೆ ಟೆರೇಸಿನಲ್ಲಿ ಗಲಾಟೆ ಶುರುವಾದರೆ ಪಕ್ಕದ ಮನೆಯ ಅಜ್ಜಿ ಯಾರನ್ನು ಹೋಗಿ ಕೇಳಬೇಕು?

ಈ ವ್ಯವಹಾರಕ್ಕೆ ಕಡಿವಾಣ ಬೇಕು ಎಂದರೆ ಬಂದವರನ್ನೆಲ್ಲ ಓಡಿಸಿ ಎಂದಲ್ಲ. ಮನೆಯವರು ವಾಸವಿರುವ ಮನೆಯಲ್ಲಿ ಅತಿಥಿಗಳು ಉಳಿಯಲಿ, ದುಡ್ಡು ಕೊಟ್ಟೇ ಉಳಿಯಲಿ. ಯಾರೂ ವಾಸವಿಲ್ಲದ ಇಡೀ ಮನೆಯನ್ನು ವಸತಿ ಬೀದಿಯಲ್ಲಿ ದಿನಬಾಡಿಗೆಯ ಲಾಡ್ಜ್ ಮಾಡುವುದು ಬೇರೆ. ಕಾನೂನು ಗೆರೆ ಎಳೆಯಬೇಕಾದದ್ದು ಇವೆರಡರ ನಡುವೆ.

ಬಂದವರಿಗೆ ಜಾಗ ಕೊಡುವುದು ಈ ಊರಿಗೆ ಹೊಸದಲ್ಲ. ಗುಬ್ಬಿ ತೋಟದಪ್ಪನವರು ಸ್ವಂತ ದುಡಿಮೆಯ ಹಣದಲ್ಲಿ ರೈಲು ನಿಲ್ದಾಣದ ಹತ್ತಿರ ಕಟ್ಟಿಸಿದ ಧರ್ಮಛತ್ರ ಪ್ರಯಾಣಿಕರಿಗೆ ನೂರು ವರ್ಷಗಳಿಗೂ ಮೀರಿ ಆಸರೆಯಾಗಿದೆ. ಕಡಲೆಕಾಯಿ ಪರಿಷೆಗೆ, ಮದುವೆ ಮುಂಜಿಗೆ ಬಂದ ನೆಂಟರಿಗಂತೂ ಇಲ್ಲಿನ ನಡುಮನೆಗಳಲ್ಲೇ ಹಾಸಿಗೆ ಹಾಸುತ್ತಿದ್ದರು. ಆದರೆ ಛತ್ರಕ್ಕೆ ಒಬ್ಬ ಪಾರುಪತ್ಯಗಾರ ಇರುತ್ತಿದ್ದ, ಮನೆಗೆ ಯಜಮಾನರಿರುತ್ತಿದ್ದರು. ಬಂದವರು ಯಾರು, ಎಷ್ಟು ದಿನ ಇರುತ್ತಾರೆ ಎಂದು ಒಬ್ಬರಿಗಾದರೂ ಗೊತ್ತಿರುತ್ತಿತ್ತು, ಏನಾದರೂ ಹೆಚ್ಚುಕಮ್ಮಿಯಾದರೆ ಅವರೇ ಉತ್ತರ ಹೇಳುತ್ತಿದ್ದರು. ನಂಬರ್ ಬೀಗದ ಮನೆಯಲ್ಲಿ ಇಲ್ಲದ್ದು ಆ ಒಬ್ಬರು.

ಈ ಬಡಾವಣೆಗಳು ಹುಟ್ಟಿದ್ದೇ ಜನ ನೆಮ್ಮದಿಯಾಗಿ ಬದುಕಲಿ ಎಂದು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗು ಇಕ್ಕಟ್ಟಾದ ಪೇಟೆಯನ್ನು ನಡುಗಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಹಿಂದೆ ಜಾಡಮಾಲಿ ಗಲ್ಲಿ, ಗಾಳಿ ಬೆಳಕಿನ ನಿವೇಶನ, ಎಲ್ಲವೂ ವಾಸಕ್ಕೆಂದು ಮಾಡಿದ ಲೆಕ್ಕ. ಇಂಥ ಬೀದಿಯಲ್ಲಿ ನಾಲ್ಕು ಮನೆ ದಿನಬಾಡಿಗೆಗೆ ಹೋದರೆ ನಾಲ್ಕು ಸಂಸಾರಗಳಿಗೆ ಬಾಡಿಗೆ ಮನೆ ಇಲ್ಲವಾಗುತ್ತದೆ. ಶಾಲೆಯ ಮೇಷ್ಟರು, ಬ್ಯಾಂಕಿನ ಗುಮಾಸ್ತರು ಇಲ್ಲಿ ಬಾಡಿಗೆಗಿದ್ದು ಮಕ್ಕಳನ್ನು ಓದಿಸಿದ ಕಾಲ ಬಹಳ ಹಿಂದಿನದೇನಲ್ಲ. ಅಂಥವರಿಗೆ ಈಗ ಗಾಂಧಿ ಬಜಾರಿನ ಸುತ್ತ ಮನೆ ಹುಡುಕುವುದೇ ಕಷ್ಟ. ತಿಂಗಳ ಬಾಡಿಗೆಯನ್ನು ನಾಲ್ಕು ದಿನದಲ್ಲಿ ಗಳಿಸಬಹುದೆಂಬ ಆಸೆ ಹತ್ತಿತೆಂದರೆ ಆ ಮನೆ ಮತ್ತೆ ಸಂಸಾರಕ್ಕೆ ಸಿಗುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಕಿದ್ವಾಯಿಗೋ ವಿಕ್ಟೋರಿಯಾಕ್ಕೋ ಕೆ.ಸಿ. ಜನರಲ್ ಆಸ್ಪತ್ರೆಗೋ ರೋಗಿಯನ್ನು ಕರೆತಂದ ಕುಟುಂಬಕ್ಕೆ ಎರಡು ವಾರ ಹೋಟೆಲಿನಲ್ಲಿರುವ ಶಕ್ತಿ ಇರುವುದಿಲ್ಲ. ಅವರಿಗೆ ಗಂಜಿ ಕಾಯಿಸಲು ಒಂದು ಒಲೆ ಬೇಕು. ಮಕ್ಕಳೆಲ್ಲ ಹೊರದೇಶ ಸೇರಿ, ದೊಡ್ಡ ಹಳೇ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧ ದಂಪತಿಗೆ ಮಹಡಿಯ ಎರಡು ಕೋಣೆಯ ಆದಾಯದಿಂದ ಮನೆಯ ರಿಪೇರಿ ನಡೆಯುತ್ತದೆ. ಆ ಆದಾಯ ನಿಂತರೆ ಬಿಲ್ಡರ್ ಬಂದು ಕೆಂಪು ಹೆಂಚಿನ ಆ ಮನೆಯನ್ನೇ ಕೆಡವುತ್ತಾನೆ. ಇಂಥವರನ್ನು ಯಾವ ನಿಯಮವೂ ತೊಂದರೆಗೆ ಸಿಕ್ಕಿಸಬಾರದು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಯೋಜನೆಯಲ್ಲಿ ಇದಕ್ಕೆ ಒಳ್ಳೆಯ ಮಾದರಿಯೇ ಇದೆ: ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ಈ ಕೊನೆಯ ಷರತ್ತನ್ನು ನಮ್ಮ ಪಾಲಿಕೆಗಳು ಕಡ್ಡಾಯ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ನ್ಯೂಯಾರ್ಕ್ ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ. 2023ರ ಸೆಪ್ಟೆಂಬರಿನಿಂದ ಅಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದಾದರೆ ಮನೆಯವರು ಜೊತೆಯಲ್ಲಿರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ಬಾರ್ಸಿಲೋನಾವಂತೂ ಹತ್ತು ಸಾವಿರಕ್ಕೂ ಹೆಚ್ಚಿರುವ ತನ್ನ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನಂತರ ನವೀಕರಿಸುವುದೇ ಇಲ್ಲವೆಂದು ಘೋಷಿಸಿದೆ. ನಮಗೆ ಅಷ್ಟು ಕಠಿಣ ಹೆಜ್ಜೆ ಬೇಕಿಲ್ಲ.

ತಡ ಮಾಡಿದರೆ ಏನಾಗುತ್ತದೆಂದು ತಿಳಿಯಲು ಬಾರ್ಸಿಲೋನಾಕ್ಕೆ ಹೋಗಬೇಕಾಗಿಯೂ ಇಲ್ಲ. ಹಂಪಿಯ ಎದುರಿಗೆ, ತುಂಗಭದ್ರೆಯ ನಡುವಿನ ವಿರೂಪಾಪುರ ಗಡ್ಡೆಯಲ್ಲಿ ಕಣ್ಣೆದುರೇ ರೆಸಾರ್ಟುಗಳು ಎದ್ದವು. ಸುತ್ತಲಿನ ಹುಡುಗರಿಗೆ ಅಲ್ಲಿ ಕೆಲಸ ಸಿಕ್ಕಿತು. ಸಂರಕ್ಷಿತ ಪ್ರದೇಶದಲ್ಲಿ ಅವುಗಳನ್ನು ಅಕ್ರಮವಾಗಿ ಕಟ್ಟಲಾಗಿದೆ ಎಂಬ ಹೈಕೋರ್ಟ್ ತೀರ್ಪನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ತೀರ್ಪು ಸರಿಯಾದದ್ದೇ. ಆದರೆ ಮೊದಲ ಗುಡಿಸಲು ಎದ್ದಾಗಲೇ ಆಡಳಿತ ಬೇಡವೆಂದಿದ್ದರೆ ಯಾರ ಹೊಟ್ಟೆಪಾಡೂ ಮಣ್ಣುಪಾಲಾಗುತ್ತಿರಲಿಲ್ಲ.

ಇಲ್ಲಿ ಇನ್ನೂ ಆ ಹಂತ ಬಂದಿಲ್ಲ. ಪಿಜಿಗಳ ವಿಷಯದಲ್ಲಿ 2024ರಲ್ಲಿ ಬಿಬಿಎಂಪಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲಲ್ಲಿ ಸಿಸಿಟಿವಿ ಎಂದೆಲ್ಲ ಲೆಕ್ಕ ಹಾಕಿ ನಿಯಮ ಮಾಡಿತು. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಸರ್ಕಾರಕ್ಕೆ ಅವರ ವಿವರ ಸಲ್ಲಿಸಬೇಕೆಂಬ ಕಾನೂನು ಮೊದಲಿನಿಂದಲೂ ಇದೆ, ಅದು ಮನೆಗಳಿಗೂ ಅನ್ವಯಿಸುತ್ತದೆ. ಹಾಗಿರುವಾಗ ದಿನಬಾಡಿಗೆ ಮನೆಗಳನ್ನು ಮಾತ್ರ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದಿರುವುದಕ್ಕೆ ಕಾರಣ ಕಾಣುವುದಿಲ್ಲ.

ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಈಗ ಐದು ಪಾಲಿಕೆಗಳಿವೆ. ಅವು ಮೊದಲು ಪ್ರತಿ ವಾರ್ಡಿನಲ್ಲೂ ಇಂಥ ಮನೆಗಳ ನೋಂದಣಿ ಶುರುಮಾಡಲಿ. ನೋಂದಣಿ ಸಂಖ್ಯೆ ಇಲ್ಲದ ಮನೆಯನ್ನು ಯಾವ ಆ್ಯಪ್ ಕೂಡ ತೋರಿಸಕೂಡದು. ಮಾಲೀಕರು ವಾಸವಿರುವ ಮನೆಗೆ ಒಂದೇ ಅರ್ಜಿಯಲ್ಲಿ, ಸಣ್ಣ ಶುಲ್ಕದಲ್ಲಿ ಅನುಮತಿ ಸಿಗಲಿ. ರೋಗಿಗಳ ಕಡೆಯವರಿಗೆ ಕೋಣೆ ಕೊಡುವವರಿಗೆ ಆ ಶುಲ್ಕವೂ ಬೇಡ. ಇಡೀ ಮನೆ ಬಾಡಿಗೆಗೆ ಬಿಡುವವರು ದೊಡ್ಡ ರಸ್ತೆಯಲ್ಲಿ ವ್ಯಾಪಾರ ಪರವಾನಗಿ ಪಡೆದು, ವಾಣಿಜ್ಯ ದರದಲ್ಲಿ ನೀರು, ವಿದ್ಯುತ್, ತೆರಿಗೆ ಕಟ್ಟಿ ನಡೆಸಲಿ. ಅಡ್ಡರಸ್ತೆಗಳಲ್ಲಿ ಈಗಾಗಲೇ ನಡೆಸುತ್ತಿರುವವರಿಗೆ ಒಂದು ವರ್ಷ ಗಡುವು ಕೊಟ್ಟು, ಆ ಮನೆಗಳನ್ನು ಮತ್ತೆ ತಿಂಗಳ ಬಾಡಿಗೆಗೆ ಬಿಡುವಂತೆ ಹೇಳಲಿ. ಅಲ್ಲಿಯವರೆಗೆ ಅಂಥ ಪ್ರತಿ ಮನೆಯ ಗೇಟಿನ ಮೇಲೂ, ಕರೆ ಮಾಡಿದರೆ ಅರ್ಧ ಗಂಟೆಯಲ್ಲಿ ಬಂದು ನಿಲ್ಲುವ ಒಬ್ಬರ ಹೆಸರು, ಫೋನ್ ನಂಬರ್ ಕನ್ನಡದಲ್ಲಿ ಬರೆದಿರಲಿ.